ಮಕ್ಕಳು ಪ್ರಾರ್ಥನೆ ತಪ್ಪಾಗಿ ಹೇಳಿದರೆ ನಗಬೇಕಾ, ತಿದ್ದಬೇಕಾ?

ಹಿನಕಲ್ ಅಮ್ಮ
ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಮಗಳಿಗೆ 5 ವರ್ಷ, ಮಗನಿಗೆ ಎರಡೂವರೆ. ರಾತ್ರಿ ಊಟಕ್ಕೆ ಮುಂಚೆ ಮನೆಯಲ್ಲಿ ಕುಟುಂಬ ಪ್ರಾರ್ಥನೆ ಇರುತ್ತದೆ. ಅತ್ತೆ ಬೈಬಲ್ ಓದುತ್ತಾರೆ, ಆಮೇಲೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಹೇಳುತ್ತೇವೆ. ಮೊನ್ನೆ ಮಂಗಳವಾರ ಪ್ರಾರ್ಥನೆ ಮಧ್ಯದಲ್ಲೇ ಮಗಳು ಕಣ್ಣು ಬಿಟ್ಟು ಕೇಳಿದಳು, "ಅಮ್ಮಾ, ನಾವು ದಿನಾ ಅನು ಊಟಾನೇ ಯಾಕೆ ಕೇಳೋದು? ಅವಳ ಡಬ್ಬೀಲಿ ಬರೀ ಉಪ್ಪಿಟ್ಟು ಇರುತ್ತೆ."

ನನಗೆ ಒಂದು ಕ್ಷಣ ತಲೆಬುಡ ಗೊತ್ತಾಗಲಿಲ್ಲ. ಅನು ಅವಳ ಕ್ಲಾಸಿನ ಗೆಳತಿ. "ನಮ್ಮ ಅನುದಿನದ ಆಹಾರವನ್ನು" ಅಂತ ಹೇಳುತ್ತೇವಲ್ಲ, ಅದನ್ನು ಇವಳು ಇಷ್ಟು ದಿನ "ನಮ್ಮ ಅನು, ದಿನದ ಆಹಾರ" ಅಂತ ತಿಳಿದುಕೊಂಡಿದ್ದಾಳೆ!

ಯಜಮಾನರಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕುಬಿಟ್ಟೆ. ಅತ್ತೆಗೆ ತುಂಬಾ ಬೇಜಾರಾಯಿತು. "ದೇವರ ಮುಂದೆ ಕೂತು ನೀವೇ ಹಲ್ಲು ಕಿರಿದರೆ ಮಗು ಏನು ಕಲಿಯುತ್ತೆ?" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಮಗಳೂ ಪಾಪ ತಮಾಷೆಗೆ ಕೇಳಿದ್ದಲ್ಲ. ಎರಡು ದಿನದಿಂದ ಇದೇ ತಲೆಯಲ್ಲಿ ಓಡುತ್ತಿದೆ. ನಿಮ್ಮ ಮನೆಗಳಲ್ಲಿ ಹೀಗೆ ಆಗಿದೆಯಾ? ಆದಾಗ ಏನು ಮಾಡುತ್ತೀರಿ?

ಕುಡ್ಲದ ಮಾಂಯ್
ಅಯ್ಯೋ ದೇವರೇ, ಅನು ಡಬ್ಬಿ! ಬಸ್ಸಲ್ಲಿ ಕೂತು ಓದಿದೆ, ಪಕ್ಕದವರು ತಿರುಗಿ ನೋಡಿದರು.

ಗದಗಿನ ಅಪ್ಪ
ಅದೇ ಪ್ರಾರ್ಥನೆಯ ಕೊನೆಯಲ್ಲಿ "ಕೇಡಿನಿಂದ ನಮ್ಮನ್ನು ತಪ್ಪಿಸು" ಅಂತ ಬರುತ್ತದಲ್ಲ. ನನ್ನ ಮಗ ವರ್ಷಗಟ್ಟಲೆ "ಕೇಡಿಯಿಂದ ನಮ್ಮನ್ನು ತಪ್ಪಿಸು" ಅಂದಿದ್ದಾನೆ. ಕೇಡಿ ಅಂದರೆ ಯಾರು ಅಂತ ಕೇಳಿದರೆ, ಸಿನಿಮಾದಲ್ಲಿ ದಪ್ಪ ಮೀಸೆ ಬಿಟ್ಟು ಜೀಪಿನಲ್ಲಿ ಬರುತ್ತಾನಲ್ಲ, ಅವನು ಎಂದ. ನಾನು ತಿದ್ದಲಿಲ್ಲ. ಅರ್ಥ ಬಹಳ ದೂರ ಏನೂ ಹೋಗಿಲ್ಲ.

ನೇರ ಮಾತು
ನಾನು ನಿಮ್ಮ ಅತ್ತೆಯವರ ಕಡೆ. ಬೇಜಾರು ಮಾಡಿಕೊಳ್ಳಬೇಡಿ. ಮಗು ತಪ್ಪು ಹೇಳುವುದು ಸಹಜ, ಅದಕ್ಕೆ ಬೈಯಬಾರದು. ಆದರೆ ನಕ್ಕರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲಿ ನೋಡಿದ್ದೇನೆ. ನನ್ನ ಮಗ 4 ವರ್ಷದವನಿದ್ದಾಗ "ಆಮೆನ್" ಅನ್ನೋದನ್ನು "ಆಮೆ" ಅಂದ. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಯಾಕೆ ಆಮೆಯನ್ನು ಕರೀತಾರೆ, ಅದು ಯಾಕೆ ಬರೋದೇ ಇಲ್ಲ ಅಂತ ಕೇಳಿದ. ಮನೆ ತುಂಬಾ ನಕ್ಕೆವು. ಬಂದ ನೆಂಟರಿಗೆಲ್ಲ ಹೇಳಿಸಿದೆವು. ಈಗ ಅವನಿಗೆ 7. ಸರಿಯಾದದ್ದು ಚೆನ್ನಾಗಿ ಗೊತ್ತು. ಆದರೂ ಭಾನುವಾರ ಚರ್ಚಿನಲ್ಲಿ ಎಲ್ಲರೂ ಸುಮ್ಮನಾದ ಮೇಲೆ ಬೇಕಂತಲೇ ಜೋರಾಗಿ "ಆಮೆ" ಅನ್ನುತ್ತಾನೆ, ಮುಂದಿನ ಬೆಂಚಿನವರು ತಿರುಗಿ ನೋಡಲಿ ಅಂತ. ಅದನ್ನು ಅವನಿಗೆ ಕಲಿಸಿಕೊಟ್ಟವರು ನಾವೇ.

ಸಂಡೆ ಸ್ಕೂಲ್ ಟೀಚರ್
ನೇರ ಮಾತು ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಹಿನಕಲ್ ಅಕ್ಕನ ಮಗಳದು ಬೇರೆ. ಅವಳು ಕೇಳಿದ್ದು ಪ್ರಶ್ನೆ. ನಾನು 14 ವರ್ಷದಿಂದ ಸಂಡೆ ಸ್ಕೂಲಿನಲ್ಲಿ ಸಣ್ಣ ಮಕ್ಕಳ ಕ್ಲಾಸ್ ತೆಗೆದುಕೊಳ್ಳುತ್ತಿದ್ದೇನೆ. ಬಾಯಿಪಾಠ ಮಾಡಿಸುವಾಗ ನಾವು ಅರ್ಥ ಹೇಳುವುದೇ ಇಲ್ಲ. ಅನುದಿನ, ದಯಪಾಲಿಸು, ಚಿತ್ತವು ನೆರವೇರಲಿ, ಇವೆಲ್ಲ ಮಗು ಮನೆಯಲ್ಲಿ ಬೀದಿಯಲ್ಲಿ ಎಲ್ಲೂ ಕೇಳದ ಮಾತು. ಗೊತ್ತಿಲ್ಲದ ಮಾತು ಕಿವಿಗೆ ಬಿದ್ದರೆ ಮಗು ತನಗೆ ಗೊತ್ತಿರೋ ಮಾತಿಗೆ ಅದನ್ನು ಜೋಡಿಸಿಕೊಳ್ಳುತ್ತೆ. ನನ್ನ ಕ್ಲಾಸಿನಲ್ಲಿ ಒಬ್ಬಳು "ನಿನ್ನ ಚಿತ್ರವು ನೆರವೇರಲಿ" ಅಂತಿದ್ದಳು. ದೇವರು ಚಿತ್ರ ಬಿಡಿಸ್ತಾನೆ, ಅದು ಪೂರ್ತಿ ಆಗಲಿ ಅಂತ ನಾವು ಕೇಳ್ತೀವಿ, ಇದು ಅವಳ ಲೆಕ್ಕ. ನನಗೆ ಅವತ್ತು ನಗು ಬರಲಿಲ್ಲ, ಗಂಟಲು ಕಟ್ಟಿತು.

ಪಕ್ಕದ್ಮನೆ ಶಾರದಕ್ಕ
ನಾವು ಕ್ರಿಶ್ಚಿಯನ್ನರಲ್ಲ, ಆದರೂ ಬರೆಯುತ್ತೇನೆ. ಅನುದಿನ ಅನ್ನೋ ಮಾತು ನಮ್ಮ ದಾಸರ ಪದಗಳಲ್ಲೂ ಬರುತ್ತೆ. ನಮ್ಮ ಮಕ್ಕಳೂ ಹೀಗೇ ಏನೇನೋ ಹೇಳುತ್ತಾರೆ. ಇದು ಎಲ್ಲ ಮನೆಯ ಕಥೆ ಬಿಡಿ.

ಹಳೇ ಬೆಂಗಳೂರು
ಟೀಚರಮ್ಮ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನನಗೆ 70 ದಾಟಿದೆ, ಕಥೋಲಿಕ. ನಾವು ಚಿಕ್ಕವರಿದ್ದಾಗ ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಲ್ಯಾಟಿನ್ನಿನಲ್ಲಿ ಇತ್ತು. 1962ರಿಂದ 65ರವರೆಗೆ ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯಿತಲ್ಲ, ಆ ಕಾಲದಿಂದಲೇ ಪೂಜೆ ಜನರ ಭಾಷೆಗೆ ಬಂದದ್ದು. ಅದಕ್ಕೂ ಮುಂಚೆ ಮಕ್ಕಳಿಗೆ ಮಾತ್ರ ಅಲ್ಲ, ದೊಡ್ಡವರಿಗೂ ಒಂದಕ್ಷರ ಅರ್ಥ ಆಗುತ್ತಿರಲಿಲ್ಲ. ಗುರುಗಳು ಜನರ ಕಡೆ ತಿರುಗಿ ಕೈ ಅಗಲಿಸಿ "ದೊಮಿನುಸ್ ವೊಬಿಸ್ಕುಂ" ಅನ್ನುತ್ತಿದ್ದರು. ಪ್ರಭು ನಿಮ್ಮೊಂದಿಗಿರಲಿ ಅಂತ ಅರ್ಥ. ನನ್ನ ಕಿವಿಗೆ ಅದರಲ್ಲಿ ಬಿಸ್ಕತ್ತು ಒಂದೇ ಕೇಳಿಸುತ್ತಿತ್ತು. ಪೂಜೆಯಲ್ಲಿ ಎಷ್ಟು ಸಲ ಬಿಸ್ಕತ್ತು ಅಂತಾರೆ, ಕೊಡೋದು ಮಾತ್ರ ದೊಡ್ಡವರಿಗೆ, ಅದೂ ಬೆಳ್ಳಗೆ ತೆಳ್ಳಗೆ ಇರೋ ಒಂದೇ ಒಂದು! ಅಜ್ಜಿ ಹತ್ತಿರ ಇದನ್ನು ಹೇಳಿ ಕಿವಿ ಹಿಂಡಿಸಿಕೊಂಡಿದ್ದೇನೆ. 60 ವರ್ಷದ ಮೇಲಾಯಿತು, ಇನ್ನೂ ನೆನಪಿದೆ.

ಕುಡ್ಲದ ಮಾಂಯ್
ಅಂಕಲ್, ಆ ಬೆಳ್ಳಗಿನ ರೊಟ್ಟಿ, ಪರಮಪ್ರಸಾದದ ವಿಷಯ ಎತ್ತಿದಿರಲ್ಲ, ಕೇಳಿ. ನನ್ನ ಎರಡನೆಯವನಿಗೆ 4 ವರ್ಷ. ನಾನು ಪ್ರಸಾದ ತೆಗೆದುಕೊಳ್ಳಲು ಹೋಗುವಾಗ ಅವನೂ ಸಾಲಿನಲ್ಲಿ ಬರುತ್ತಾನೆ. ಸಣ್ಣ ಮಕ್ಕಳಿಗೆ ಫಾದರ್ ಹಣೆ ಮೇಲೆ ಶಿಲುಬೆ ಗುರುತು ಹಾಕಿ ಆಶೀರ್ವಾದ ಮಾಡುತ್ತಾರೆ. ಒಂದು ಭಾನುವಾರ ಇವನು ನಾಲಿಗೆ ಹೊರಗೆ ಹಾಕಿ ನಿಂತ. ಫಾದರ್ ಹಣೆ ಮುಟ್ಟಿದರು. ಇವನು ನಾಲಿಗೆ ಒಳಗೆ ತೆಗೆದುಕೊಳ್ಳಲಿಲ್ಲ. ಹಿಂದೆ ಸಾಲು ನಿಂತಿದೆ. ನಾನು ಕೈ ಹಿಡಿದು ಎಳೆದರೆ ಇಡೀ ಇಗರ್ಜಿಗೆ ಕೇಳೋ ಹಾಗೆ, "ಕಟೀಲಿನಲ್ಲಿ ಎಲ್ಲರಿಗೂ ಪ್ರಸಾದ ಕೊಟ್ರು, ಇಲ್ಲಿ ನನಗೊಬ್ಬನಿಗೇ ಇಲ್ಲ!" ಅಂತ ಅತ್ತ. ಹಿಂದಿನ ವಾರ ಪಕ್ಕದ ಮನೆಯವರ ಜೊತೆ ಕಟೀಲಿಗೆ ಹೋಗಿ ಊಟ ಮಾಡಿ ಬಂದಿದ್ದ. ಪೂಜೆ ಆದ ಮೇಲೆ ಫಾದರ್ ಹೊರಗೆ ಬಂದು ಅವನನ್ನು ಕೂರಿಸಿಕೊಂಡು ವಿವರಿಸಿದರು. ಮೂರನೇ ನಾಲ್ಕನೇ ಕ್ಲಾಸಿಗೆ ಬಂದ ಮೇಲೆ ಧರ್ಮೋಪದೇಶ ಕಲಿತು ತೆಗೆದುಕೊಳ್ಳೋದು ಅಂತ. ಇವನು ಎಲ್ಲಾ ಕೇಳಿ, "ಅಲ್ಲೀವರೆಗೆ ಚಾಕೊಲೇಟ್ ಆದ್ರೂ ಕೊಡಿ" ಎಂದ. ಅವರು ಕೊಟ್ಟರು.

ಹಿನಕಲ್ ಅಮ್ಮ
ನಮ್ಮಲ್ಲಿ ಇನ್ನೂ ತಡ. ದೃಢೀಕರಣ, ಅಂದರೆ ದೊಡ್ಡವರಾಗಿ ಸಭೆ ಮುಂದೆ ನಂಬಿಕೆ ಒಪ್ಪಿಕೊಳ್ಳೋದು, ಆದ ಮೇಲೇ ರೊಟ್ಟಿ, ದ್ರಾಕ್ಷಾರಸ. ಮಗಳು ಈಗಲೇ "ನನಗೆ ಜ್ಯೂಸ್ ಯಾಕಿಲ್ಲ" ಅಂತ ಶುರು ಮಾಡಿದ್ದಾಳೆ.

ಮೆಜೆಸ್ಟಿಕ್ 335
ಕಾಣಿಕೆ ಚೀಲದ ಕಥೆ ಯಾರೂ ಹೇಳಲಿಲ್ಲವಾ? ನಮ್ಮ ಮಗಳು ಬಸ್ಸಿನಲ್ಲೇ ಬೆಳೆದವಳು ಅನ್ನಬಹುದು, ದಿನಾ ನನ್ನ ಜೊತೆ ಬಿ.ಎಂ.ಟಿ.ಸಿ.ಯಲ್ಲೇ ಶಾಲೆಗೆ ಹೋಗಿ ಬರುತ್ತಾಳೆ. ಚರ್ಚಿನಲ್ಲಿ ಕಾಣಿಕೆ ಚೀಲ ಹಿಡಿದು ಹಿರಿಯರೊಬ್ಬರು ಬಂದರು. ಅವಳ ಕೈಗೆ 20 ರೂಪಾಯಿ ಕೊಟ್ಟಿದ್ದೆ. ಹಾಕಿದಳು. ಹಾಕಿ ಕೈ ಚಾಚಿದಳು. "ಒಂದು ಫುಲ್ಲು, ಒಂದು ಹಾಫು" ಎಂದಳು. ಅವರು ಮುಂದೆ ಹೋಗಲು ನೋಡಿದರೆ ಜುಬ್ಬಾ ಹಿಡಿದುಕೊಂಡಳು, ಟಿಕೆಟ್ ಕೊಡದೆ ಬಿಡುವ ಹಾಗಿಲ್ಲ. ಆ ಹಿರಿಯರು ತುಂಬಾ ಗಂಭೀರ ಮನುಷ್ಯರು, ನನಗೆ ಅವರನ್ನು ಕಂಡರೆ ಭಯ. ಅವರು ಜೇಬಿನಿಂದ ಆರಾಧನೆಯ ಹಾಡಿನ ಚೀಟಿ ತೆಗೆದು ಅವಳ ಕೈಗಿಟ್ಟು "ಇಳಿಯೋವರೆಗೂ ಹುಷಾರಾಗಿ ಇಟ್ಕೋ ಪುಟ್ಟಿ" ಎಂದರು. ಮನೆಗೆ ಬರೋವರೆಗೂ ಮುಷ್ಟಿ ಬಿಚ್ಚಲಿಲ್ಲ ಅವಳು.

ಗದಗಿನ ಅಪ್ಪ
ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ.

ಅಂಗಡಿ ಮನೆ
ನಮ್ಮದು ದಿನಸಿ ಅಂಗಡಿ, ಚಿಕ್ಕಮಗಳೂರು ಹತ್ತಿರ. ಮಗ ಎರಡನೇ ಕ್ಲಾಸು. ಒಂದು ಭಾನುವಾರ ಸಂಡೆ ಸ್ಕೂಲಿನಿಂದ ಬಂದವನು ಮುಖ ಸಪ್ಪೆ ಮಾಡಿಕೊಂಡು ಕೂತ. ಊಟ ಬೇಡ ಎಂದ. ಸಾಯಂಕಾಲ ಮೆಲ್ಲಗೆ ಬಂದು, "ಅಪ್ಪಾ, ಅಂಗಡಿ ಮುಚ್ಚಿಬಿಡೋಣ" ಎಂದ. ಯಾಕೋ ಅಂದರೆ, "ಹತ್ತು ಆಜ್ಞೆಯಲ್ಲಿ ಇದೆ. ವ್ಯಾಪಾರ ಮಾಡಬಾರದು." "ವ್ಯಭಿಚಾರ ಮಾಡಬಾರದು" ಅನ್ನೋ ಏಳನೆಯ ಆಜ್ಞೆಯನ್ನು ಅವನು ಹಾಗೆ ಕೇಳಿಸಿಕೊಂಡಿದ್ದಾನೆ! ಅದು ವ್ಯಾಪಾರ ಅಲ್ಲ ಕಣೋ ಅಂದರೆ, ಮತ್ತೇನು ಅಂತ ಕೇಳುತ್ತಾನೆ. 7 ವರ್ಷದ ಮಗುವಿಗೆ ಆ ಪದ ಹೇಗೆ ಬಿಡಿಸಿ ಹೇಳೋದು? ಕೊನೆಗೆ ಅವರಮ್ಮ, "ಅಪ್ಪ ಅಮ್ಮ ಒಬ್ಬರಿಗೊಬ್ಬರು ಕೊಟ್ಟ ಮಾತು ತಪ್ಪಬಾರದು ಅಂತ ಅರ್ಥ" ಎಂದಳು. ಅವನ ಮುಖ ಅರಳಿತು. ಅಂಗಡಿ ಉಳಿಯಿತು.

ಕುಡ್ಲದ ಮಾಂಯ್
ಅದು ಆರನೆಯ ಆಜ್ಞೆ ಅಲ್ಲವಾ?

ಅಂಗಡಿ ಮನೆ
ಏಳು. ಬೇಕಾದರೆ ಬೈಬಲ್ ತೆಗೆದು ಎಣಿಸಿ.

ಹಳೇ ಬೆಂಗಳೂರು
ಇಬ್ಬರೂ ಸರಿ. ಬೈಬಲಿನಲ್ಲಿ ಆಜ್ಞೆಗಳಿಗೆ ಒಂದು, ಎರಡು ಅಂತ ನಂಬರ್ ಹಾಕಿಲ್ಲ. ಕಥೋಲಿಕರು ಮತ್ತು ಲೂಥರನ್ನರು ಮೊದಲಿನ ಎರಡನ್ನು ಒಂದಾಗಿ ಎಣಿಸಿ ಕೊನೆಯದನ್ನು ಎರಡು ಮಾಡುತ್ತಾರೆ. ಸಿ.ಎಸ್.ಐ. ಮುಂತಾದವರು ವಿಗ್ರಹದ ಮಾತನ್ನು ಬೇರೆ ಎಣಿಸುತ್ತಾರೆ. ಹಾಗಾಗಿ ನಮ್ಮಲ್ಲಿ ಆರು, ನಿಮ್ಮಲ್ಲಿ ಏಳು. ಒಟ್ಟು ಮಾತ್ರ ಹತ್ತೇ.

ಕುಡ್ಲದ ಮಾಂಯ್
ಗಂಡ ಸಿ.ಎಸ್.ಐ., ಹೆಂಡತಿ ಕಥೋಲಿಕ್ ಇರೋ ಮನೆ ಮಕ್ಕಳ ಗತಿ ಏನು ಅಂತ ಯೋಚನೆ ಬಂತು.

ಹುಬ್ಬಳ್ಳಿ ಅಕ್ಕ
ನಮ್ಮದು ಅಂಥದ್ದೇ ಮನೆ! ಮಗಳು ಹನ್ನೊಂದು ಆಜ್ಞೆ ಹೇಳುತ್ತಾಳೆ, ಎರಡೂ ಅಜ್ಜಿಯರಿಗೆ ಬೇಜಾರಾಗಬಾರದು ಅಂತ.

ಸಾಗರದವಳು
ಮಲೆನಾಡಿನ ಕಥೆ ಒಂದು ಹೇಳಲೇಬೇಕು. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಬ್ಬರು ಜೋಯಿಸರು ಇದ್ದಾರೆ. ಪಂಚಾಂಗ, ಜಾತಕ ನೋಡುತ್ತಾರೆ. ನಮ್ಮ ತಂದೆ ಕಾಲದಿಂದ ಒಡನಾಟ, ಕ್ರಿಸ್ಮಸ್ ಕೇಕು ಮೊದಲು ಹೋಗೋದು ಅವರ ಮನೆಗೇ. ನಮ್ಮ ಕನ್ನಡ ಬೈಬಲಿನಲ್ಲಿ, ಯೇಸು ಹುಟ್ಟಿದಾಗ ನಕ್ಷತ್ರ ನೋಡಿಕೊಂಡು ಕಾಣಿಕೆ ತಂದವರನ್ನು "ಮೂಡಣ ದೇಶದ ಜೋಯಿಸರು" ಅಂತ ಕರೆದಿದ್ದಾರೆ. ಹೋದ ಡಿಸೆಂಬರ್‌ನಲ್ಲಿ ಮಗಳಿಗೆ ಈ ಕಥೆ ಹೇಳಿದ್ದೆ. 24ರ ಸಂಜೆ ಕೇಕು ಕೊಡಲು ಅವಳನ್ನೇ ಕಳಿಸಿದೆ. ಜೋಯಿಸರು ಜಗಲಿಯಲ್ಲಿ ಕೂತಿದ್ದರು. ಇವಳು ತಟ್ಟೆ ಕೊಟ್ಟು ಕೈಮುಗಿದು, "ಅಜ್ಜಾ, ನಿಮ್ಮ ಒಂಟೆ ಎಲ್ಲಿ ಕಟ್ಟಿದ್ದೀರಿ?" ಅಂತ ಕೇಳಿದ್ದಾಳೆ. ಅವರಿಗೆ ಅರ್ಥ ಆಗಿಲ್ಲ. "ಯೇಸು ಪಾಪುವಿಗೆ ಚಿನ್ನ ಕೊಟ್ಟಿದ್ದು ನೀವಾ, ಧೂಪ ಕೊಟ್ಟಿದ್ದಾ?" ಅಂತ ಮತ್ತೆ ಕೇಳಿದ್ದಾಳೆ. ಅವರು ಅವಳನ್ನು ಕರೆದುಕೊಂಡು ನಮ್ಮನೆಗೇ ಬಂದರು, ಏನಿದು ವಿಚಾರ ಅಂತ. ನಾನು ಬೈಬಲ್ ತೆಗೆದು ಮತ್ತಾಯನ ಎರಡನೇ ಅಧ್ಯಾಯ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಹಂಗಾದ್ರೆ ನಮ್ಮವರೇ ಮೊದಲು ಹೋಗಿದ್ದು" ಎಂದರು. ಈಗ ಅವರು ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ, ಖುಷಿಯಿಂದ.

ಸಂಡೆ ಸ್ಕೂಲ್ ಟೀಚರ್
ಇದು ಬಹಳ ಚೆನ್ನಾಗಿದೆ. ಒಂದು ಸಣ್ಣ ತಿದ್ದುಪಡಿ ಮಾತ್ರ. ಒಂಟೆ ಮತ್ತಾಯನಲ್ಲಿ ಇಲ್ಲ. ಮೂರು ಜನ ಅಂತಲೂ ಇಲ್ಲ, ಕಾಣಿಕೆ ಮೂರು ಅಷ್ಟೇ. ಅವರು ಬಂದಿದ್ದು ಮನೆಗೆ, ಗೋದಲಿಗೆ ಅಲ್ಲ.

ಸಾಗರದವಳು
ಟೀಚರ್, 5 ವರ್ಷದ ಮಗುವಿನಿಂದ ಒಂಟೆ ಕಿತ್ತುಕೊಳ್ಳಬೇಡಿ.

ಸಂಡೆ ಸ್ಕೂಲ್ ಟೀಚರ್
ಇಲ್ಲಪ್ಪ, ನಮ್ಮ ನಾಟಕದಲ್ಲೂ ಮೂರು ಒಂಟೆ ಇವೆ. ಆದರೆ ಮಕ್ಕಳು ದೊಡ್ಡವರಾದ ಮೇಲೆ ಯಾರಾದರೂ ಕೇಳಿದರೆ ಗೊತ್ತಿರಲಿ ಅಂತ ಅಂದೆ.

ನೇರ ಮಾತು
ಆ ಮೂರನೇ ಕಾಣಿಕೆ, ರಕ್ತಬೋಳ, ಅಂದರೆ ಏನು ಅಂತ ನನ್ನ ಮಗ ಕೇಳಿದಾಗ ನಿಜವಾಗಿ ಒದ್ದಾಡಿದೆ. ಅವನು ತಲೆ ಬೋಳಿಸಿಕೊಂಡು ರಕ್ತ ಬಂದವರು ಯಾರೋ ಅಂದುಕೊಂಡಿದ್ದ. ಅದು ಒಂದು ಗಿಡದಿಂದ ಬರೋ ಅಂಟು, ಒಣಗಿಸಿದರೆ ಒಳ್ಳೆ ವಾಸನೆ. ಗ್ರಂಥಿಗೆ ಅಂಗಡಿಗೆ ಕರೆದುಕೊಂಡು ಹೋಗಿ ಒಂದು ಚೂರು ತಂದು ತೋರಿಸಿದೆ. ಅವನು ಮೂಸಿ ನೋಡಿ, "ಪಾಪುಗೆ ಇದು ಯಾಕೆ? ಆಟದ ಸಾಮಾನು ತರಬಹುದಿತ್ತು" ಎಂದ. ಹೌದು, ಅವತ್ತು ನಾನೂ ನಕ್ಕೆ.

ಕುಡ್ಲದ ಮಾಂಯ್
ನೋಡಿದಿರಾ, ನೇರ ಮಾತು ಅಣ್ಣನೇ ನಕ್ಕರು!

ನೇರ ಮಾತು
ಪ್ರಾರ್ಥನೆ ಸಮಯದಲ್ಲಿ ಅಲ್ಲ. ಗ್ರಂಥಿಗೆ ಅಂಗಡಿಯಲ್ಲಿ.

ಕುವೈತ್ ಕನ್ನಡಿಗ
ಗೋದಲಿ ಅಂದಿರಿ, ನೆನಪಾಯಿತು. ನಮ್ಮ ಮನೆ ಗೋದಲಿಯಲ್ಲಿ ಬಾಲಯೇಸುವಿನ ಗೊಂಬೆ 24ರ ರಾತ್ರಿವರೆಗೆ ಇಡುವುದಿಲ್ಲ, ಮೇವಿನ ತೊಟ್ಟಿ ಖಾಲಿ ಇರುತ್ತದೆ. ಹೋದ ವರ್ಷ ಆ ರಾತ್ರಿ ಗೊಂಬೆ ಹುಡುಕಿದರೆ ಎಲ್ಲೂ ಇಲ್ಲ. ಪೂಜೆಗೆ ಹೊರಡೋ ಹೊತ್ತು, ಮನೆಯೆಲ್ಲ ತಲೆಕೆಳಗು. ಕೊನೆಗೆ ಮಗಳ ಹಾಸಿಗೆಯಲ್ಲಿ ಸಿಕ್ಕಿತು, ಸ್ವೆಟರ್ ಸುತ್ತಿ, ಪಕ್ಕದಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸಿದ್ದಳು. "ಹುಲ್ಲು ಚುಚ್ಚುತ್ತೆ" ಎಂದಳು. ಗೋದಲಿಗೆ ಇಡಲು ಒಪ್ಪಿಸಲು ಅರ್ಧ ಗಂಟೆ ಹಿಡಿಯಿತು. ಹುಲ್ಲಿನ ಮೇಲೆ ಕರ್ಚೀಫು ಹಾಸಿದ ಮೇಲೇ ಕೊಟ್ಟಳು.

ಇನ್ನೊಂದು. ಇಲ್ಲಿ ರಜೆ ಶುಕ್ರವಾರ, ಹಾಗಾಗಿ ನಾವು ಇಗರ್ಜಿಗೆ ಹೋಗುವುದು ಶುಕ್ರವಾರವೇ. ಮಗಳು ಹುಟ್ಟಿದಾಗಿನಿಂದ ನೋಡಿರೋದು ಅದನ್ನೇ. ರಜೆಗೆ ಬಂಟ್ವಾಳಕ್ಕೆ ಬಂದಾಗ ಶುಕ್ರವಾರ ಬೆಳಿಗ್ಗೆ ಅಜ್ಜಿ ಮೀನು ತರಲು ಹೊರಟರು. ಇವಳು ಗಾಬರಿಯಾಗಿ ನನ್ನ ಹತ್ತಿರ ಬಂದು ಕಿವಿಯಲ್ಲಿ, "ಪಪ್ಪಾ, ಅಜ್ಜಿ ಇಗರ್ಜಿ ಬಿಟ್ಟು ಮಾರ್ಕೆಟ್ಟಿಗೆ ಹೋಗ್ತಾರೆ, ಫಾದರ್‌ಗೆ ಹೇಳಬೇಡಿ" ಎಂದಳು.

ಪಕ್ಕದ್ಮನೆ ಶಾರದಕ್ಕ
ಕರ್ಚೀಫು ಹಾಸಿದ್ದು ಓದಿ ಕಣ್ಣಲ್ಲಿ ನೀರು ಬಂತು.

ಹುಬ್ಬಳ್ಳಿ ಅಕ್ಕ
ಬೂದಿ ಬುಧವಾರದ್ದು ಹೇಳುತ್ತೇನೆ. ಬೆಳಿಗ್ಗೆ ಚರ್ಚಿಗೆ ಹೋಗಿ ಹಣೆ ಮೇಲೆ ಬೂದಿಯಲ್ಲಿ ಶಿಲುಬೆ ಗುರುತು ಹಾಕಿಸಿಕೊಂಡು ಮಗ ಹಾಗೇ ಶಾಲೆಗೆ ಹೋದ. ಅವನ ಪಕ್ಕ ಕೂರುವ ಹುಡುಗ ದಿನಾ ವಿಭೂತಿ ಹಚ್ಚಿಕೊಂಡು ಬರುವವನು. ಅವನು ಇವನ ಹಣೆ ನೋಡಿ ಸಂತೋಷದಿಂದ, "ನೀನೂ ಹಚ್ಕೊಂಡಿ? ಆದ್ರ ಸೊಟ್ಟ ಹಚ್ಯಾರೋ" ಅಂತ ಹೇಳಿ, ತನ್ನ ಕರ್ಚೀಫಿನಿಂದ ಒರೆಸಿ, ತನ್ನ ಹಣೆಯಿಂದ ಸ್ವಲ್ಪ ತೆಗೆದು ಮೂರು ಬೆರಳಿನಲ್ಲಿ ನೆಟ್ಟಗೆ ಎಳೆದು ಕಳಿಸಿದ್ದಾನೆ. ಮಗ ಸಂಜೆ ಹಾಗೇ ಮನೆಗೆ ಬಂದ. ನನ್ನ ಅತ್ತೆ ನೋಡಿದರು. ಏನಂತಾರೋ ಅಂತ ನನಗೆ ಎದೆ ಹೊಡೆದುಕೊಂಡಿತು. ಅವರು, "ಪಾಪ, ಗೆಳೆಯಾ ಎಷ್ಟ ಕಾಳಜಿ ಮಾಡ್ಯಾನ ನೋಡು" ಎಂದು ಸುಮ್ಮನಾದರು.

ನೇರ ಮಾತು
ದೊಡ್ಡ ಮನಸ್ಸು ಅವರದು.

ಸಂಡೆ ಸ್ಕೂಲ್ ಟೀಚರ್
ಶಾಲೆ ಅಂದಾಗ ನೆನಪಾಗುತ್ತೆ, ನಮ್ಮ ಮಕ್ಕಳಿಗೆ "ವಾಕ್ಯ" ಅಂದರೆ ದೇವರ ವಾಕ್ಯ ಒಂದೇ. ನನ್ನ ಮಗಳಿಗೆ ಶಾಲೆಯಲ್ಲಿ "ಹಸುವಿನ ಬಗ್ಗೆ ಐದು ವಾಕ್ಯ ಬರೆಯಿರಿ" ಅಂತ ಕೊಟ್ಟಿದ್ದರು. ಬೈಬಲಿನಲ್ಲಿ ಹಸು ಎಲ್ಲೆಲ್ಲಿ ಬರುತ್ತೆ ಅಂತ ನನ್ನನ್ನು ಕೇಳಿದಳು. ಮನೆಪಾಠ ಅಂತ ನನಗೆ ಗೊತ್ತಿರಲಿಲ್ಲ, ಯೋಸೇಫನ ಕಥೆಯಲ್ಲಿ ಏಳು ಕೊಬ್ಬಿದ ಹಸು, ಏಳು ಬಡಕಲು ಹಸು ಬರುತ್ತೆ ಅಂದೆ. ಅದನ್ನೇ ಬರೆದುಕೊಂಡು ಹೋಗಿದ್ದಾಳೆ. ಹಸು ಹಸುವನ್ನು ತಿಂದಿತು ಅಂತ. ಮಿಸ್ ನನಗೆ ಫೋನ್ ಮಾಡಿದರು, ಮಗುವಿಗೆ ಮನೆಯಲ್ಲಿ ಏನು ತೋರಿಸುತ್ತೀರಿ ಅಂತ.

ಅಂಗಡಿ ಮನೆ
ನಮ್ಮವನಿಗೆ ವ್ಯಾಕರಣದಲ್ಲಿ ಇದೇ ಕಥೆ. "ಬಾಲಕನು ಹಣ್ಣನ್ನು ತಿಂದನು. ಇದರಲ್ಲಿ ಕರ್ತೃ ಯಾರು?" ಅಂತ ಕೇಳಿದರೆ "ಯೇಸು ಕ್ರಿಸ್ತ" ಅಂತ ಬರೆದಿದ್ದಾನೆ. ಕರ್ತ ಅಂದರೆ ಬೇರೆ ಯಾರು ಅಂತ ಅವನ ವಾದ. ಅರ್ಧ ಅಂಕವೂ ಕೊಡಲಿಲ್ಲ, ಅವನಿಗೆ ಇನ್ನೂ ಸಿಟ್ಟಿದೆ.

ಗದಗಿನ ಅಪ್ಪ
ನಮ್ಮದೂ ಒಂದು ಉದ್ದನೆಯ ಕಥೆ ಇದೆ. ಬಾಸೆಲ್ ಮಿಷನ್ ಕಾಲದಿಂದ ನಮ್ಮ ಮನೆತನ ಬೆಟಗೇರಿಯಲ್ಲೇ ಇದೆ. ಊರ ಹೊರಗೆ ನಮಗೆ ಸ್ವಲ್ಪ ಹೊಲ ಇದೆ. ಸುಗ್ಗಿ ಮುಗಿದ ಮೇಲೆ ಕುರುಬರು ಕುರಿ ಹೊಡೆದುಕೊಂಡು ಊರಿಂದ ಊರಿಗೆ ಹೋಗುತ್ತಾರೆ. ಗೊಬ್ಬರಕ್ಕೆ ಅಂತ ರೈತರು ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಮಗನಿಗೆ ಆಗ 5 ತುಂಬಿರಲಿಲ್ಲ. ಅದೇ ವಾರ ಅವನು 23ನೇ ಕೀರ್ತನೆ ಬಾಯಿಪಾಠ ಮಾಡಿದ್ದ. ಮೊದಲ ಸಾಲು ನಿಮಗೆಲ್ಲ ಗೊತ್ತು, "ಯೆಹೋವನು ನನಗೆ ಕುರುಬನು".

ಮಂದೆ ನೋಡಲಿ ಅಂತ ಅವನನ್ನು ಹೊಲಕ್ಕೆ ಕರೆದುಕೊಂಡು ಹೋದೆ. ದೂರದಲ್ಲಿ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ತಲೆಗೆ ರುಮಾಲು, ವಯಸ್ಸಾದ ಕುರುಬರೊಬ್ಬರು ನಿಂತಿದ್ದರು. ಸುತ್ತ ನೂರಾರು ಕುರಿ. ಇವನು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಮೆಲ್ಲಗೆ, "ಅಪ್ಪಾ, ಯೆಹೋವ!" ಎಂದ. ಚಪ್ಪಲಿ ಬಿಟ್ಟ. ಮುಳ್ಳಿನಲ್ಲಿ ಬರಿಗಾಲಲ್ಲಿ ನಡೆದುಕೊಂಡು ಹೋಗಿ ಅವರ ಮುಂದೆ ಕೈಮುಗಿದು ನಿಂತ. ಅವರು ಯಾಕಪಾ ತಮ್ಮಾ ಅಂತ ಕೇಳಿದರು. "ನೀವು ಯೆಹೋವ ಅಲ್ಲೇನ್ರೀ?" "ಇಲ್ಲಪಾ, ನಾ ಕುರುಬ." "ಹೌದ್ರೀ, ನನಗ ಗೊತ್ತದ. ಯೆಹೋವ ಕುರುಬನ" ಎಂದ.

ನಾನು ಓಡಿ ಹೋಗಿ ವಿಷಯ ವಿವರಿಸಿದೆ. ಆ ಯಜ್ಜ ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, "ನಿಮ್ಮ ದೇವರು ಕುರಿ ಕಾಯ್ತಾನೇನ್ರೀ?" ಎಂದರು. ಹೌದು, ಹಾಗೆ ಬರೆದಿದೆ ಅಂದೆ. "ಹಂಗಿದ್ರ ಅವಗ ನಮ್ಮ ಕಷ್ಟ ಗೊತ್ತಿರ್ತದ" ಅಂದು, ಹುಟ್ಟಿ ಮೂರು ದಿನದ ಮರಿಯೊಂದನ್ನು ಮಗನ ತೊಡೆ ಮೇಲೆ ಹಾಕಿದರು. ಕತ್ತಲಾಗುವವರೆಗೆ ಅವನು ಏಳಲಿಲ್ಲ. ಆ ಕೀರ್ತನೆಯನ್ನು ನಾನು ನನ್ನ ತಂದೆಯವರ ಮಣ್ಣಿನ ದಿನ ಕೇಳಿದ್ದೇನೆ, ನೂರು ಸಲ ಓದಿದ್ದೇನೆ. ಅವತ್ತು ಕೇಳಿದ ಹಾಗೆ ಯಾವತ್ತೂ ಕೇಳಿಲ್ಲ.

ಹಳೇ ಬೆಂಗಳೂರು
ತಮ್ಮಾ, ಇದನ್ನು ಎಲ್ಲಾದರೂ ಬರೆದಿಡು. ಹಾಗೇ ಬಿಡಬೇಡ.

ಮೆಜೆಸ್ಟಿಕ್ 335
ಇದಾದ ಮೇಲೆ ನನ್ನದು ಸಣ್ಣದು, ಆದರೂ ಹೇಳಿಬಿಡುತ್ತೇನೆ. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡದೆ ತಿನ್ನಬಾರದು ಅಂತ ಮಗಳಿಗೆ ನಾವೇ ಕಲಿಸಿದ್ದು. ದರ್ಶಿನಿಯಲ್ಲಿ ನಿಂತು ಮಸಾಲೆ ದೋಸೆ ತಿನ್ನುವಾಗ ಮರೆತು ಬಾಯಿಗಿಟ್ಟೆ. "ಅಪ್ಪಾ! ಸ್ತೋತ್ರ ಹೇಳಿಲ್ಲ!" ಅಂತ ಕಿರುಚಿದಳು. ಇಡೀ ದರ್ಶಿನಿ ನಿಂತಿತು. ಅವಳು ಕಣ್ಣು ಮುಚ್ಚಿ ದೋಸೆ, ಚಟ್ನಿ, ಆಲೂಗಡ್ಡೆ, ಕ್ಯಾಷಿಯರ್ ಅಂಕಲ್ ಎಲ್ಲರ ಹೆಸರು ಹೇಳಿ ಪ್ರಾರ್ಥನೆ ಮಾಡಿದಳು. ಸಾಂಬಾರ್ ಬಕೆಟ್ ಹಿಡಿದ ಹುಡುಗ ಅವಳು ಆಮೆನ್ ಅನ್ನುವವರೆಗೆ ಕಾದು ಆಮೇಲೆ ಸಾಂಬಾರ್ ಹಾಕಿದ.

ಹಾಸನದ ರೈತ
ನಮ್ಮ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ ಮಾಡುತ್ತೇವೆ. ಬೆಳೆದದ್ದರಲ್ಲಿ ಮೊದಲ ಪಾಲು, ತೆಂಗು, ಬಾಳೆಗೊನೆ, ರಾಗಿ, ಕೋಳಿ, ಎಲ್ಲಾ ತಂದು ದೇವರಿಗೆ ಒಪ್ಪಿಸಿ, ಆರಾಧನೆ ಆದ ಮೇಲೆ ಅಂಗಳದಲ್ಲಿ ಹರಾಜು ಹಾಕುತ್ತಾರೆ. ಮಗಳು ಆರು ತಿಂಗಳಿಂದ ಒಂದು ಹ್ಯಾಟೆ ಕೋಳಿ ಸಾಕಿದ್ದಳು. "ನಮಗೆ ಇಷ್ಟ ಇರೋದನ್ನೇ ದೇವರಿಗೆ ಕೊಡಬೇಕು" ಅಂತ ಸಂಡೆ ಸ್ಕೂಲಿನಲ್ಲಿ ಹೇಳಿದ್ದರಂತೆ, ನಾವು ಹೇಳದೇ ಕೋಳಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಂದಳು. ನಮಗೆ ಹೆಮ್ಮೆ ಆಯಿತು.

ಹರಾಜು ಶುರುವಾಯಿತು. ಯಾರೋ ಒಬ್ಬರು 300 ಅಂದರು. ಅವಳಿಗೆ ಅಷ್ಟು ಹೊತ್ತಿಗೆ ಕೋಳಿ ವಾಪಸ್ ಬರೋಲ್ಲ ಅಂತ ಹೊಳೆಯಿತು. ಅಳು ಶುರು. ನಾನು 350 ಅಂದೆ. ಅವರು 400. ನಾನು 500. ಜನರಿಗೆ ಉತ್ಸಾಹ ಬಂತು, ಒಳ್ಳೆ ಕೆಲಸಕ್ಕೆ ಹೋಗೋ ದುಡ್ಡು ತಾನೇ, ಎಲ್ಲರೂ ಏರಿಸುತ್ತಾ ಹೋದರು. ಅಷ್ಟರಲ್ಲಿ ಮಗಳು ಕೈ ಎತ್ತಿ, "ಸಾವಿರದ ಇನ್ನೂರು!" ಅಂದುಬಿಟ್ಟಳು. ಅವಳಿಗೆ ಗೊತ್ತಿದ್ದ ದೊಡ್ಡ ಸಂಖ್ಯೆ ಅದು, ಹಿಂದಿನ ದಿನ ಕರೆಂಟ್ ಬಿಲ್ ನಾನು ಜೋರಾಗಿ ಓದಿದ್ದೆ. ಅಯ್ಯನವರು ಒಂದು, ಎರಡು, ಮೂರು ಅಂದರು. ನಮ್ಮ ಮನೆ ಕೋಳಿಯನ್ನು ನಾನೇ 1,200 ಕೊಟ್ಟು ತಂದೆ.

ಅಂಗಡಿ ಮನೆ
ವ್ಯಾಪಾರ ಅಂದರೆ ಇದು!

ಕುಡ್ಲದ ಮಾಂಯ್
ಹಿನಕಲ್ ಅಕ್ಕ ಎಲ್ಲಿ ಹೋದರು? ಅವರ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಎಲ್ಲರೂ ಕಥೆ ಹೇಳುತ್ತಾ ಕೂತೆವು. ನನ್ನ ಅಭಿಪ್ರಾಯ ಕೇಳಿದರೆ, ಅತ್ತೆಯವರ ಹತ್ತಿರವೇ ಮಗಳಿಗೆ ಅರ್ಥ ಹೇಳಿಸಿ. ಮೊಂತಿ ಹಬ್ಬದ (ಮರಿಯ ಮಾತೆ ಹುಟ್ಟಿದ ಹಬ್ಬ) ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಎಸೆಯುತ್ತಾರಲ್ಲ, ನನ್ನ ದೊಡ್ಡವಳು ಮೊದಲ ದಿನವೇ ಬುಟ್ಟಿ ಹೂವೆಲ್ಲ ಒಂದೇ ಸಲ ಫಾದರ್ ತಲೆ ಮೇಲೆ ಸುರಿದಿದ್ದಳು. ನಾನು ಗದರಿಸಿದ್ದಕ್ಕೆ ಮಾರನೇ ದಿನ ಇಗರ್ಜಿಗೆ ಬರಲ್ಲ ಅಂದಳು. ನನ್ನ ಅಮ್ಮ ಪಕ್ಕ ಕೂರಿಸಿಕೊಂಡು ಒಂದೊಂದೇ ಎಸಳು ಹೇಗೆ ಎಸೆಯೋದು ಅಂತ ತೋರಿಸಿದ ಮೇಲೇ ಸರಿಹೋಯಿತು. ಅಜ್ಜಿಯರ ಹತ್ತಿರ ಸಮಯ ಇರುತ್ತೆ, ನಮ್ಮ ಹತ್ತಿರ ಇರಲ್ಲ.

ನೇರ ಮಾತು
ಇದನ್ನು ನಾನು ಒಪ್ಪುತ್ತೇನೆ.

ಹಿನಕಲ್ ಅಮ್ಮ
ಇಲ್ಲೇ ಇದ್ದೀನಿ, ಎಲ್ಲವನ್ನೂ ಓದಿದೆ. ಕೆಲವನ್ನು ಅತ್ತೆಗೂ ಓದಿ ಹೇಳಿದೆ. ಜೋಯಿಸರ ಕಥೆಗೆ ಅವರೂ ನಕ್ಕರು. ಕುರುಬರ ಕಥೆಗೆ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಇನ್ನೊಂದು ಸಲ ಓದು ಎಂದರು.

ನಿನ್ನೆ ರಾತ್ರಿ ಏನಾಯಿತು ಅಂತ ಹೇಳುತ್ತೇನೆ. ಪ್ರಾರ್ಥನೆಗೆ ಮುಂಚೆ ಅತ್ತೆ ತಾವಾಗಿಯೇ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು, ಅನುದಿನ ಅಂದರೆ ದಿನದಿನವೂ, ನಮಗೆ ದಿನದಿನದ ಊಟ ಕೊಡು ಅಂತ ಕೇಳೋದು, ಅದು ನಿನ್ನ ಗೆಳತಿ ಅನು ಅಲ್ಲ ಅಂತ ನಿಧಾನವಾಗಿ ಬಿಡಿಸಿ ಹೇಳಿದರು. ಮಗಳು ಪೂರ್ತಿ ಕೇಳಿದಳು. ಮುಖ ಚಿಕ್ಕದಾಯಿತು. "ಹಾಗಾದ್ರೆ ಅನುಗೋಸ್ಕರ ಯಾರು ಕೇಳ್ತಾರೆ?" ಎಂದಳು. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕರ್ತನ ಪ್ರಾರ್ಥನೆ ಎಲ್ಲರೂ ಸರಿಯಾಗಿಯೇ ಹೇಳಿದೆವು. ಆಮೆನ್ ಅನ್ನೋಕೆ ಮುಂಚೆ ಅತ್ತೆ ಸ್ವಲ್ಪ ತಡೆದು, "ತಂದೆಯೇ, ಅನುವಿಗೂ ಊಟ ಕೊಡು" ಎಂದರು. ಮಗಳು ಕಣ್ಣು ಮುಚ್ಚಿಕೊಂಡೇ, "ಉಪ್ಪಿಟ್ಟು ಬೇಡ" ಅಂತ ಸೇರಿಸಿದಳು.

ಹಳೇ ಬೆಂಗಳೂರು
ನಕ್ಕರಾ?

ಹಿನಕಲ್ ಅಮ್ಮ
ಮೊದಲು ನಕ್ಕಿದ್ದು ಅತ್ತೆ.

ಪಕ್ಕದ್ಮನೆ ಶಾರದಕ್ಕ
ಹಾಸನದ ಅಣ್ಣ, ಆ ಕೋಳಿ ಈಗ ಎಲ್ಲಿದೆ? ಅದನ್ನು ಹೇಳದೆ ಹೋಗಿಬಿಟ್ಟಿರಿ.

ಹಾಸನದ ರೈತ
ಕಾವಿಗೆ ಕೂತಿದೆ ಅಕ್ಕ. ಹನ್ನೊಂದು ಮೊಟ್ಟೆ. ಮುಂದಿನ ಸುಗ್ಗಿ ಹಬ್ಬಕ್ಕೆ ಮರಿಗಳಲ್ಲಿ ಎರಡು ಕೊಡ್ತೀನಿ, ಅವಕ್ಕೆ ಈಗಲೇ ಹೆಸರು ಇಡಲ್ಲ ಅಂತ ಮಗಳು ಹೇಳಿದ್ದಾಳೆ.